ನಿಮಗಿದು ಗೊತ್ತೇ? ಹೊಲದ ಹುಲ್ಲು, ಊರಿನ ರಸ್ತೆ

ರಾಯಚೂರಿನಿಂದ ಮಾನ್ವಿಗೆ ಹೊರಟವರಿಗೆ ನೀರಮಾನ್ವಿ ದಾರಿಯಲ್ಲೇ ಸಿಗುವ ಊರು. ಸುತ್ತ ನೆಲ್ಲು, ಹತ್ತಿ, ಜೋಳ, ತೊಗರಿ. ಯಲ್ಲಮ್ಮನ ಜಾತ್ರೆಗೆ ಬರುವ ಟ್ರ್ಯಾಕ್ಟರ್, ಅಕ್ಕಿ ಗಿರಣಿಗೆ ಹೋಗುವ ಲಾರಿ, ಶಾಲೆಗೆ ಹೋಗುವ ಮಕ್ಕಳು, ಎಲ್ಲರಿಗೂ ಬೇಕಾದದ್ದು ಒಂದು ಗಟ್ಟಿ ರಸ್ತೆ. ಆ ರಸ್ತೆಯ ಕಪ್ಪು ಅಂಟು ಇಂದು ಕಚ್ಚಾತೈಲದಿಂದ ಬರುತ್ತಿದೆ. ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಉಳಿಯುವ ಹುಲ್ಲು, ಹೊಟ್ಟು, ಕಟ್ಟಿಗೆ ಆ ಅಂಟಿನ ಒಂದು ಪಾಲಾದರೂ ಆಗಬಲ್ಲವೇ? ಆಗಬಲ್ಲವು. ಅದಕ್ಕೆ ಪುರಾವೆಯೂ ಇದೆ, ಷರತ್ತೂ ಇದೆ. ಓದಿ ನೋಡಿ.

ಕಪ್ಪು ಅಂಟಿನ ಲೆಕ್ಕ

• ಡಾಂಬರು ರಸ್ತೆಯ ಮೇಲ್ಪದರದಲ್ಲಿ ತೂಕದ ಲೆಕ್ಕಕ್ಕೆ ಸುಮಾರು 95 ಪಾಲು ಜಲ್ಲಿ ಮತ್ತು ಕಲ್ಲುಪುಡಿ. ಉಳಿದ 5 ಪಾಲು ಮಾತ್ರ ಬಿಟುಮೆನ್ ಎಂಬ ಕಪ್ಪು ಅಂಟು. ರಸ್ತೆ ಹಿಡಿದು ನಿಲ್ಲುವುದು ಆ 5 ಪಾಲಿನಿಂದಲೇ.

• ಹಳ್ಳಿ ರಸ್ತೆಯೊಂದು 3.75 ಮೀಟರ್ ಅಗಲ, ಮೇಲ್ಪದರ 25 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ ಸುಮಾರು 215 ಟನ್ ಮಿಶ್ರಣ ಬೇಕು. ಅದರಲ್ಲಿ ಬಿಟುಮೆನ್ ಹೆಚ್ಚುಕಡಿಮೆ 11 ಟನ್.

• ಭಾರತ ಬಳಸುವ ಬಿಟುಮೆನ್‌ನಲ್ಲಿ ಸುಮಾರು ಅರ್ಧದಷ್ಟು ಹೊರದೇಶಗಳಿಂದ ಬರುತ್ತದೆ. ಉಳಿದದ್ದು ನಮ್ಮ ಸಂಸ್ಕರಣಾಗಾರಗಳದ್ದು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಅವುಗಳಲ್ಲಿ ಒಂದು. ಆದರೆ ಆ ಮಂಗಳೂರಿಗೂ ಕಚ್ಚಾತೈಲ ಬರುವುದು ಬಹುಪಾಲು ಸಮುದ್ರದಾಚೆಯಿಂದಲೇ.

• ಪೆಟ್ರೋಲಿಯಂ ಹುಟ್ಟಿದ್ದೂ ಜೀವರಾಶಿಯಿಂದಲೇ. ಕೋಟ್ಯಂತರ ವರ್ಷಗಳ ಹಿಂದೆ ಸಾಗರದಲ್ಲಿ ಬಾಳಿದ ಸೂಕ್ಷ್ಮ ಪಾಚಿ ಮತ್ತು ಜೀವಿಗಳು ಕೆಸರಿನಡಿ ಹೂತು, ಒತ್ತಡದಲ್ಲಿ ಬೆಂದು ತೈಲವಾದವು. ಗಿಡದಿಂದ ಅಂಟು ತೆಗೆಯುವ ವಿಜ್ಞಾನಿಗಳು ಆ ದೀರ್ಘ ಅಡುಗೆಯನ್ನು ಕುಲುಮೆಯಲ್ಲಿ ಕೆಲವೇ ಗಂಟೆಗಳಿಗೆ ಇಳಿಸಲು ಹೊರಟಿದ್ದಾರೆ.

• ರಸ್ತೆ ಕಾಮಗಾರಿಯ ಕಾಗದಪತ್ರಗಳಲ್ಲಿ ವಿಜಿ-30, ವಿಜಿ-40 ಎಂದು ಬರೆದಿರುತ್ತದೆ. ಅದು ಬಿಟುಮೆನ್ ಎಷ್ಟು ಮಂದವಾಗಿದೆ ಎಂಬುದರ ದರ್ಜೆ. ಮಂದತನವನ್ನು ಅಳೆಯುವುದು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆಯ ಮಧ್ಯಾಹ್ನ ನಮ್ಮ ರಸ್ತೆಯ ಮೈ ಮುಟ್ಟುವ ಬಿಸಿ ಹೆಚ್ಚುಕಡಿಮೆ ಅಷ್ಟೇ. ಗಾಳಿಯ ತಾಪವೇ 40 ಡಿಗ್ರಿ ದಾಟುವ ರಾಯಚೂರಿಗೆ ಈ ಅಂಕಿ ಬಹಳ ಮುಖ್ಯ. ಸಸ್ಯದ ಅಂಟು ಈ ಬಿಸಿಯಲ್ಲಿ ಮೆತ್ತಗಾಗದಿದ್ದರೆ ಮಾತ್ರ ನಮ್ಮೂರಿಗೆ ಬರಬಹುದು.

ಹಿಂದಿನವರು ಹಾಕಿದ ಅಂಟು

• ಮನುಷ್ಯಕುಲ ತಯಾರಿಸಿದ ಅತಿ ಹಳೆಯ ಅಂಟುಗಳಲ್ಲಿ ಒಂದು ಗಿಡದ್ದೇ. ಯುರೋಪಿನ ನಿಯಾಂಡರ್ತಲ್ ಎಂಬ ಪ್ರಾಚೀನ ಜನ ಬರ್ಚ್ ಮರದ ತೊಗಟೆಯನ್ನು ಕಾಯಿಸಿ ಕಪ್ಪು ರಾಳ ತೆಗೆದು, ಕಲ್ಲಿನ ಮೊನೆಯನ್ನು ಕೋಲಿಗೆ ಅಂಟಿಸುತ್ತಿದ್ದರು. ಇಟಲಿಯಲ್ಲಿ ಸಿಕ್ಕ ಅಂಥ ತುಣುಕುಗಳಿಗೆ ಸುಮಾರು 2 ಲಕ್ಷ ವರ್ಷ ವಯಸ್ಸು.

• ನಮ್ಮ ಹಳೆಯ ವಾಡೆ, ಗುಡಿಗಳ ಗಚ್ಚಿನಲ್ಲಿ ಸುಣ್ಣದ ಜೊತೆ ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುತ್ತಿದ್ದರು. ಸಸ್ಯದ ರಸ ಸುಣ್ಣದ ಹಿಡಿತವನ್ನು ಹೆಚ್ಚಿಸುತ್ತದೆ ಎಂಬುದು ಗೌಂಡಿಗಳಿಗೆ ಕೈಯ ಅನುಭವದಿಂದ ಗೊತ್ತಿತ್ತು.

• 19ನೇ ಶತಮಾನದಲ್ಲಿ ಲಂಡನ್, ಷಿಕಾಗೊದಂಥ ನಗರಗಳ ಹಲವು ಬೀದಿಗಳಿಗೆ ಮರದ ಇಟ್ಟಿಗೆಗಳನ್ನೇ ಹಾಸಿದ್ದರು. ಕುದುರೆಗಾಡಿಯ ಸದ್ದು ಕಡಿಮೆಯಾಗುತ್ತಿತ್ತು. ಆದರೆ ಮಳೆಗೆ ಮರ ಊದಿಕೊಂಡು ಕೊಳೆಯುತ್ತಿತ್ತು.

• ಸಸ್ಯದ ಅಂಟನ್ನು ರಸ್ತೆಗೆ ಹಾಕಿ ನೋಡಿದ ಹಿರಿಮೆ ಕರ್ನಾಟಕಕ್ಕೆ ಹಿಂದೆಯೇ ಸಂದಿದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಆಗ ತಕ್ಕ ಬಳಕೆ ಇರಲಿಲ್ಲ. ಕಾರ್ಖಾನೆಯ ಮಗ್ಗುಲಲ್ಲೇ ಬೆಂಗಳೂರು–ಮೈಸೂರು ರಸ್ತೆ. ಮೈಸೂರು ಸಂಸ್ಥಾನದ ಎಂಜಿನಿಯರುಗಳು 1930ರ ದಶಕದಲ್ಲಿ ಆ ರಸ್ತೆಗೆ ಕಾಕಂಬಿಯ ಲೇಪ ಕೊಟ್ಟು ಪರೀಕ್ಷಿಸಿದರು. ಆ ಪ್ರಯೋಗದ ಬಗ್ಗೆ, 1934ರಲ್ಲಷ್ಟೇ ಹುಟ್ಟಿದ್ದ, ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿಗೆ ಪ್ರಬಂಧವನ್ನೂ ಬರೆದರು.

• ಕಾಕಂಬಿಯ ದೊಡ್ಡ ಕೊರತೆ ಮಳೆ. ಸಕ್ಕರೆಯ ಅಂಶ ನೀರಿನಲ್ಲಿ ಕರಗುತ್ತದೆ. ಸುಣ್ಣ ಸೇರಿಸಿದರೆ ಕರಗುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಮುಂದೆ ಕಾಕಂಬಿಗೆ ಮದ್ಯಸಾರದ ಮಾರುಕಟ್ಟೆ ಸಿಕ್ಕಿತು, ರಸ್ತೆಗೆ ಅಗ್ಗದ ಬಿಟುಮೆನ್ ಸಿಕ್ಕಿತು. ಆದರೂ ಮಂಡ್ಯದ ವಿಚಾರ ಇವತ್ತಿಗೂ ಸರಿ: ರಸ್ತೆಯ ಪಕ್ಕದಲ್ಲಿ ಉಳಿಯುವುದು ಯಾವುದೋ ಅದನ್ನೇ ಮೊದಲು ಪರೀಕ್ಷಿಸಬೇಕು. ಮಂಡ್ಯಕ್ಕೆ ಕಾಕಂಬಿ ಹೇಗೋ ಮಾನ್ವಿಗೆ ನೆಲ್ಲಿನ ಹುಲ್ಲು ಹಾಗೆ.

ಲಿಗ್ನಿನ್ ಎಂಬ ಗಿಡದ ಗಾರೆ

• ಗಿಡ ನೆಟ್ಟಗೆ ನಿಲ್ಲುವುದು ಲಿಗ್ನಿನ್ ಬಲದಿಂದ. ಇಟ್ಟಿಗೆಗಳ ನಡುವಿನ ಗಾರೆಯಂತೆ ಅದು ನಾರುಗಳನ್ನು ಬೆಸೆದಿಡುತ್ತದೆ. ಸೆಲ್ಯುಲೋಸ್ ಬಿಟ್ಟರೆ ಸಸ್ಯಲೋಕದಲ್ಲಿ ಅತಿ ಹೆಚ್ಚಾಗಿ ಸಿಗುವ ಪದಾರ್ಥ ಇದೇ. ಇದರ ಅಣುಗಳಲ್ಲಿ ಬಿಟುಮೆನ್‌ನಲ್ಲಿರುವಂಥ ಇಂಗಾಲದ ಉಂಗುರಗಳಿವೆ. ಹಾಗಾಗಿ ಎರಡೂ ಚೆನ್ನಾಗಿ ಬೆರೆಯುತ್ತವೆ.

• ಕಾಗದ ಕಾರ್ಖಾನೆಗೆ ಲಿಗ್ನಿನ್ ಬೇಡದ ವಸ್ತು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಂಥ ಕಾರ್ಖಾನೆಗಳಲ್ಲಿ ಮರವನ್ನು ಬೇಯಿಸಿ ನಾರು ತೆಗೆದಾಗ ಲಿಗ್ನಿನ್ ಕಪ್ಪು ದ್ರಾವಣವಾಗಿ ಬೇರೆಯಾಗುತ್ತದೆ. ಸಾಮಾನ್ಯವಾಗಿ ಅದನ್ನು ಬಾಯ್ಲರಿನಲ್ಲಿ ಉರಿಸಿ ಶಕ್ತಿ ಪಡೆಯುತ್ತಾರೆ.

• ಲಿಗ್ನಿನ್ ಹಾಕಿದ ಡಾಂಬರಿನ ಮೊದಲ ಪರೀಕ್ಷಾ ತುಂಡನ್ನು ನೆದರ್ಲೆಂಡ್ಸ್ ಹಾಸಿದ್ದು 2015ರಲ್ಲಿ. ಝೀಲೆಂಡ್ ಪ್ರಾಂತದ ಸ್ಲೌಸ್ಕಿಲ್ ಎಂಬಲ್ಲಿ ಕೇವಲ 70 ಮೀಟರ್ ಉದ್ದ. ವಾಹನಗಳ ಭಾರ ಹೊತ್ತು ಅದು ತಾಳಿತು. ಅಲ್ಲಿಂದ ಆ ದೇಶದಲ್ಲಿ ಸೈಕಲ್ ದಾರಿಗಳಿಗೂ ರಸ್ತೆಗಳಿಗೂ ಪ್ರಯೋಗ ಹಬ್ಬಿತು. ಬಿಟುಮೆನ್‌ನ ಅರ್ಧದಷ್ಟನ್ನು ಬದಲಿಸುವ ಮಿಶ್ರಣಗಳೂ ಬಂದವು.

• ಭಾರತದ ರಾಷ್ಟ್ರೀಯ ಹೆದ್ದಾರಿಯೊಂದರಲ್ಲಿ ಲಿಗ್ನಿನ್ ಬೆರೆತ ಜೈವಿಕ ಬಿಟುಮೆನ್ ಮೊದಲು ಬಿದ್ದದ್ದು 2024ರ ಡಿಸೆಂಬರಿನಲ್ಲಿ, ನಾಗಪುರದ ಬಳಿಯ ಮನ್ಸರ್‌ನಲ್ಲಿ. ಪುಣೆಯ ಪ್ರಾಜ್ ಇಂಡಸ್ಟ್ರೀಸ್ ಮತ್ತು ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಇದರ ಹಿಂದಿದ್ದವು. ಬಿಟುಮೆನ್‌ನ ಶೇಕಡಾ 15ರಷ್ಟು ಪಾಲನ್ನು ಲಿಗ್ನಿನ್ ತುಂಬಿತು. ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 44. ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಬೆಂಗಳೂರು, ಅತ್ತಿಬೆಲೆ ಹಾದು ಕನ್ಯಾಕುಮಾರಿಗೆ ಹೋಗುವುದೂ ಇದೇ ಹೆದ್ದಾರಿ.

• ಈಗ ನೀರಮಾನ್ವಿಯ ಲೆಕ್ಕ ಹಾಕೋಣ. ಮೇಲೆ ಹೇಳಿದ ಹಳ್ಳಿ ರಸ್ತೆಯ 11 ಟನ್ ಬಿಟುಮೆನ್‌ನಲ್ಲಿ ಶೇಕಡಾ 15 ಎಂದರೆ ಸುಮಾರು 1.6 ಟನ್. ನೆಲ್ಲಿನ ಹುಲ್ಲಿನಲ್ಲಿ ಲಿಗ್ನಿನ್ ಶೇಕಡಾ 10 ಎಂದು ಕಡಿಮೆಯನ್ನೇ ಹಿಡಿದರೂ 16 ಟನ್ ಹುಲ್ಲು ಸಾಕು. ಎಕರೆಗೆ ಎರಡೂವರೆ ಟನ್ ಹುಲ್ಲು ಬಂದರೆ ಆರೇಳು ಎಕರೆಯ ಹುಲ್ಲು ಒಂದು ಕಿಲೋಮೀಟರ್ ರಸ್ತೆಗಾಯಿತು. ಕಾರ್ಖಾನೆಯಲ್ಲಿ ನಷ್ಟವಾಗುವ ಪಾಲನ್ನು ಸೇರಿಸಿ ಇದನ್ನು ದುಪ್ಪಟ್ಟು ಮಾಡಿಕೊಂಡರೂ ಒಂದು ಊರಿನ ಗದ್ದೆಗೆ ಇದು ಭಾರವಲ್ಲ.

• ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಗಳಲ್ಲಿ ಲಿಗ್ನಿನ್ ಪ್ರಮಾಣ ನೆಲ್ಲಿನ ಹುಲ್ಲಿಗಿಂತ ಹೆಚ್ಚು. ಈ ಲೆಕ್ಕದಲ್ಲಿ ಅವು ಮರದ ಹತ್ತಿರಕ್ಕೆ ಬರುತ್ತವೆ. ದನ ತಿನ್ನದ ಈ ಕಟ್ಟಿಗೆಯನ್ನು ಒಲೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬದುವಿನಲ್ಲಿ ಸುಡುವುದು ರೂಢಿ. ಹತ್ತಿ ಪೇಟೆಗೆ ಹೆಸರಾದ ರಾಯಚೂರು ಜಿಲ್ಲೆಗೆ ಇದು ಎಣಿಸದೇ ಬಿಟ್ಟ ಸಂಪತ್ತು.

• ಹುಲ್ಲಿನಿಂದ ಎಥೆನಾಲ್ ತೆಗೆಯುವ ಕಾರ್ಖಾನೆಯಲ್ಲೂ ಕೊನೆಗೆ ಲಿಗ್ನಿನ್ ಉಳಿಯುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್ ಘಟಕವನ್ನು ವರ್ಷಕ್ಕೆ ಸುಮಾರು 2 ಲಕ್ಷ ಟನ್ ನೆಲ್ಲಿನ ಹುಲ್ಲು ಬಳಸುವಂತೆ ಕಟ್ಟಿದ್ದಾರೆ. ಕರ್ನಾಟಕದಲ್ಲಿ ಹರಿಹರದ ಬಳಿ ಇಂಥದೇ ಘಟಕ ಕಟ್ಟುವ ಯೋಜನೆಯನ್ನು ಎಂಆರ್‌ಪಿಎಲ್ ರೂಪಿಸಿತ್ತು. ಇಂಧನ ಒಂದು ಬಾಗಿಲಿನಿಂದ, ರಸ್ತೆಯ ಅಂಟು ಇನ್ನೊಂದು ಬಾಗಿಲಿನಿಂದ ಹೊರಬರುವಂತೆ ಯೋಚಿಸಿದರೆ ಲೆಕ್ಕ ಕೂಡುತ್ತದೆ.

ಹುಲ್ಲು ಬೇಯಿಸಿದರೆ ಎಣ್ಣೆ

• ಹುಲ್ಲನ್ನು ಗಾಳಿಯಲ್ಲಿ ಸುಟ್ಟರೆ ಹೊಗೆ, ಬೂದಿ. ಗಾಳಿ ತಾಗದಂತೆ ಮುಚ್ಚಿ 500 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿದರೆ ಎಣ್ಣೆ, ಅನಿಲ, ಇದ್ದಿಲು. ಈ ವಿಧಾನದ ಹೆಸರು ಪೈರಾಲಿಸಿಸ್. ಬಂದ ಎಣ್ಣೆಯಿಂದ ನೀರು, ಆಮ್ಲ ಮತ್ತು ಹಗುರ ಅಂಶಗಳನ್ನು ತೆಗೆದರೆ ಬಿಟುಮೆನ್‌ಗೆ ಬೆರೆಸಬಹುದಾದ ಮಂದ ಪದಾರ್ಥ ಸಿಗುತ್ತದೆ.

• ನೆಲ್ಲಿನ ಹುಲ್ಲಿನಿಂದಲೇ ಜೈವಿಕ ಬಿಟುಮೆನ್ ತೆಗೆಯುವ ವಿಧಾನವನ್ನು ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಮತ್ತು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಜೊತೆಗೂಡಿ ರೂಪಿಸಿವೆ. ಮೇಘಾಲಯದ ಜೋರಾಬಾಟ್–ಶಿಲ್ಲಾಂಗ್ ಹೆದ್ದಾರಿಯಲ್ಲಿ 100 ಮೀಟರ್ ಹಾಸಿ ಪರೀಕ್ಷಿಸಿದರು. 2026ರ ಜನವರಿಯಲ್ಲಿ ಈ ತಂತ್ರಜ್ಞಾನವನ್ನು ಉದ್ಯಮಗಳಿಗೆ ಹಸ್ತಾಂತರಿಸಿದರು. ನಮ್ಮ ನೆಲ್ಲಿನ ನಾಡಿಗೆ ಇದಕ್ಕಿಂತ ಹತ್ತಿರದ ಸುದ್ದಿ ಬೇರೊಂದಿಲ್ಲ.

• ಮೇಘಾಲಯ ಮಳೆಯ ನಾಡು. ಸಸ್ಯದ ಅಂಟಿಗೆ ನೀರಿನ ಪರೀಕ್ಷೆ ಅಲ್ಲಿ ಆಗುತ್ತದೆ. ಬಿಸಿಲಿನ ಪರೀಕ್ಷೆ ಆಗಬೇಕಾದರೆ ರಾಯಚೂರು, ಕಲಬುರಗಿಯಂಥ ಜಿಲ್ಲೆಗಳಿಗೇ ಬರಬೇಕು.

• ಅಮೆರಿಕದ ಅಯೋವ ರಾಜ್ಯದ ಡೆ ಮೋಯ್ನ್ ನಗರದಲ್ಲಿ 2010ರಲ್ಲಿ ಸೈಕಲ್ ದಾರಿಯೊಂದಕ್ಕೆ ಇಂಥ ಸಸ್ಯ ಎಣ್ಣೆ ಬೆರೆತ ಡಾಂಬರು ಹಾಕಿದರು. ಅಯೋವ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ವಿಲಿಯಮ್ಸ್ ಅದರ ಸಂಶೋಧಕರು. ಮೊದಲು ಸೈಕಲ್ ದಾರಿ, ಆಮೇಲೆ ಹೆದ್ದಾರಿ ಎಂಬ ಕ್ರಮ ಎಲ್ಲ ದೇಶಗಳಿಗೂ ಒಪ್ಪುತ್ತದೆ.

• ಫ್ರಾನ್ಸಿನ ನಾಂತ್ ನಗರದ ಸಂಶೋಧಕರು 2015ರಲ್ಲಿ ಸೂಕ್ಷ್ಮ ಪಾಚಿಯ ಉಳಿಕೆಯಿಂದ ಬಿಟುಮೆನ್ ಹೋಲುವ ಅಂಟು ತೆಗೆದರು. ಅದೇ ದೇಶದ ಕೊಲಾಸ್ ಕಂಪನಿ ಅದಕ್ಕೂ ಮುಂಚೆಯೇ ಸಸ್ಯಮೂಲದ ತಿಳಿಬಣ್ಣದ ಅಂಟನ್ನು ಮಾರುಕಟ್ಟೆಗೆ ತಂದಿತ್ತು. ತಿಳಿಬಣ್ಣದ ರಸ್ತೆ ಕಪ್ಪು ರಸ್ತೆಗಿಂತ ಕಡಿಮೆ ಬಿಸಿ ಹೀರುತ್ತದೆ.

• ಪೈರಾಲಿಸಿಸ್‌ನಲ್ಲಿ ಉಳಿಯುವ ಇದ್ದಿಲನ್ನು ಹೊಲಕ್ಕೆ ಹಾಕಬಹುದು. ಅದು ಬೇಗ ಕೊಳೆಯುವುದಿಲ್ಲ. ಗಿಡ ಗಾಳಿಯಿಂದ ಹೀರಿದ ಇಂಗಾಲ ಮಣ್ಣಿನಲ್ಲೇ ದೀರ್ಘಕಾಲ ಉಳಿಯುತ್ತದೆ.

• ಹೀಗೆ ಬೇಯಿಸಿ ತೆಗೆದ ಸಸ್ಯ ಎಣ್ಣೆಗೂ ದೋಷವಿದೆ. ಅದರಲ್ಲಿ ಆಮ್ಲಜನಕದ ಅಂಶ ಹೆಚ್ಚು, ಹಾಗಾಗಿ ಬಿಸಿಲು ಗಾಳಿಗೆ ಬೇಗ ಗಡುಸಾಗುವ ಭಯವಿದೆ. ಲಿಗ್ನಿನ್ ಗುಣ ಬೇರೆ: ಅದು ಮಿಶ್ರಣವನ್ನು ಬಿರುಸಾಗಿಸುತ್ತದೆ, ಬಿಟುಮೆನ್ ಮುದಿಯಾಗುವುದನ್ನು ತಡೆಯಲೂ ನೆರವಾಗುತ್ತದೆ. ಬಿರುಸು ಹೆಚ್ಚಾದರೆ ಚಳಿದೇಶದ ರಸ್ತೆ ಸೀಳುತ್ತದೆ. ಲಾರಿ ಗಾಲಿಗೆ ಡಾಂಬರು ತಗ್ಗಾಗುವ ನಮ್ಮ ಬಿಸಿಲಿಗೆ ಅದೇ ಬಿರುಸು ಉಪಕಾರಿಯಾಗಬಲ್ಲದು.

ಕರಾವಳಿ, ಮಲೆನಾಡಿನ ಪಾಲು

• ಗೇರುಬೀಜದ ಸಿಪ್ಪೆಯಲ್ಲಿ ಮೈ ಸುಡುವ ಎಣ್ಣೆಯಿದೆ. ಮಂಗಳೂರು, ಕಾಸರಗೋಡು ಕಡೆಯವರಿಗೆ ಅದು ಚಿರಪರಿಚಿತ. ಆ ಎಣ್ಣೆಯಿಂದ ಪಡೆದ ಕಾರ್ಡನಾಲ್ ಮೂಲದ ರಾಸಾಯನಿಕಗಳನ್ನು ಬಿಟುಮೆನ್‌ಗೆ ಸ್ವಲ್ಪವೇ ಸೇರಿಸಿದರೆ ಮಳೆನೀರಿಗೆ ಜಲ್ಲಿ ಕಳಚಿಕೊಳ್ಳುವುದು ಕಡಿಮೆಯಾಗುತ್ತದೆ.

• ರಬ್ಬರ್ ಮರದ ಹಾಲೂ ರಸ್ತೆಗೆ ಬರುತ್ತದೆ. ನೈಸರ್ಗಿಕ ರಬ್ಬರ್ ಬೆರೆತ ಬಿಟುಮೆನ್‌ಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಜಾಗವಿದೆ. ಕೇರಳದಲ್ಲಿ ಇಂಥ ರಸ್ತೆಗಳಿವೆ. ಸುಳ್ಯ, ಪುತ್ತೂರಿನ ತೋಟಗಳ ರಬ್ಬರಿಗೂ ಈ ದಾರಿ ತೆರೆದಿದೆ.

• ತೆಂಗಿನ ನಾರಿನ ಚಾಪೆಯನ್ನು ರಸ್ತೆಯ ತಳಕ್ಕೆ ಹಾಸುತ್ತಾರೆ. 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ 7 ರಾಜ್ಯಗಳಲ್ಲಿ 1,674 ಕಿಲೋಮೀಟರ್ ರಸ್ತೆಗೆ ಇದನ್ನು ಬಳಸಲು ನಿರ್ಧರಿಸಿದರು. ನಮ್ಮ ನೆರೆಯ ತೆಲಂಗಾಣ, ಆಂಧ್ರಪ್ರದೇಶ ಆ ಪಟ್ಟಿಯಲ್ಲಿವೆ. ಚಾಪೆ ಕೆಲ ವರ್ಷಗಳಲ್ಲಿ ಕೊಳೆತುಹೋಗುತ್ತದೆ. ಅಷ್ಟರಲ್ಲಿ ಮಣ್ಣು ಕುಳಿತು ಗಟ್ಟಿಯಾಗಿರುತ್ತದೆ.

• ಹಳೆಯ ರಸ್ತೆ ಅಗೆದ ಡಾಂಬರು ಕಸವಲ್ಲ. ಒಣಗಿ ಗಡುಸಾದ ಬಿಟುಮೆನ್‌ಗೆ ಸಸ್ಯ ಎಣ್ಣೆ ಸೇರಿಸಿದರೆ ಮತ್ತೆ ಜೀವ ಬರುತ್ತದೆ. ಕರಿದು ಉಳಿದ ಅಡುಗೆ ಎಣ್ಣೆಯ ಜೊತೆಗೆ ಹೊಂಗೆ ಎಣ್ಣೆಯನ್ನೂ ಇದಕ್ಕಾಗಿ ಪರೀಕ್ಷಿಸಿದ್ದಾರೆ. ಹೊಂಗೆ ನಮ್ಮ ರಸ್ತೆ ಬದಿಯಲ್ಲೇ ಬೆಳೆಯುವ ಮರ.

ಕರಿನೆಲದ ಕಾಟಕ್ಕೆ ಹೊಟ್ಟಿನ ಬೂದಿ

• ಮಾನ್ವಿ, ದೇವದುರ್ಗ, ಸಿಂಧನೂರು ಸೀಮೆಯ ಎರೆಭೂಮಿಯಲ್ಲಿ ರಸ್ತೆ ಕೆಡುವುದು ಬಹಳ ಸಲ ತಳದಿಂದ. ಮಳೆಗಾಲದಲ್ಲಿ ಕರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲೆ ಎಂಥ ಅಂಟು ಹಾಕಿದರೂ ತಳ ಅಲುಗಾಡಿದರೆ ರಸ್ತೆ ಉಳಿಯದು.

• ಇದಕ್ಕೂ ನೆಲ್ಲಿನಲ್ಲೇ ಮದ್ದಿದೆ. 100 ಕಿಲೋ ನೆಲ್ಲಿನಿಂದ ಸುಮಾರು 20 ಕಿಲೋ ಹೊಟ್ಟು, ಆ ಹೊಟ್ಟನ್ನು ಉರಿಸಿದರೆ ಸುಮಾರು 4 ಕಿಲೋ ಬೂದಿ. ಚೆನ್ನಾಗಿ ಉರಿದ ಬೂದಿಯ ಶೇಕಡಾ 85ರಿಂದ 90 ಪಾಲು ಸಿಲಿಕ. ಸುಣ್ಣದ ಜೊತೆ ಕರಿಮಣ್ಣಿಗೆ ಬೆರೆಸಿ ಗುದ್ದಿದರೆ ಸಿಮೆಂಟಿನಂಥ ಬಂಧ ಹುಟ್ಟಿ ಮಣ್ಣು ಉಬ್ಬುವುದು ತಗ್ಗುತ್ತದೆ. ರಾಯಚೂರು, ಮಾನ್ವಿ, ಸಿಂಧನೂರಿನ ಅಕ್ಕಿ ಗಿರಣಿಗಳಿಗೆ ಬೂದಿ ಎಲ್ಲಿ ಸುರಿಯುವುದೆಂಬ ಚಿಂತೆ. ಪಕ್ಕದ ರಸ್ತೆಯ ತಳಕ್ಕೆ ಅದೇ ಬೇಕಾದ ವಸ್ತು.

• ಡಾಂಬರೇ ಕಾಣದ ಹೊಲದ ದಾರಿಗಳಿಗೂ ಉಪಾಯವಿದೆ. ಕಾಗದ ತಯಾರಿಕೆಯಲ್ಲಿ ಸಿಗುವ, ನೀರಿನಲ್ಲಿ ಕರಗುವ ಲಿಗ್ನಿನ್ ದ್ರಾವಣವನ್ನು ಮಣ್ಣು ದಾರಿಗೆ ಚಿಮುಕಿಸಿ ಧೂಳು ಅಡಗಿಸುವ ಪದ್ಧತಿ ಯುರೋಪ್, ಅಮೆರಿಕಗಳಲ್ಲಿ ಸುಮಾರು ಒಂದು ಶತಮಾನದಿಂದ ಇದೆ. ಮಳೆಗೆ ತೊಳೆದುಹೋಗುವುದರಿಂದ ಆಗಾಗ ಹಾಕಬೇಕು.

ಮರೆಯಬಾರದ ಮಾತುಗಳು

• ಪ್ಲಾಸ್ಟಿಕ್ ಬೆರೆತ ರಸ್ತೆ ಸಸ್ಯದ ರಸ್ತೆಯಲ್ಲ. ಪ್ಲಾಸ್ಟಿಕ್ ಕೂಡ ಪೆಟ್ರೋಲಿಯಂ ಕೂಸೇ. ಆದರೆ ಅದರ ಕತೆಯಲ್ಲಿ ಪಾಠವಿದೆ. ತಮಿಳುನಾಡಿನ ಮಧುರೈ ನಗರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅದನ್ನು ರಸ್ತೆಗೆ ಬೆರೆಸುವ ವಿಧಾನ ಕಂಡುಹಿಡಿದರು. ಬೆಂಗಳೂರಿನಲ್ಲಿ ಕೆಕೆ ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್ ಸಂಸ್ಥೆ 2000ರ ದಶಕದ ಮೊದಲ ವರ್ಷಗಳಲ್ಲೇ ನಗರದ ರಸ್ತೆಗಳಿಗೆ ಪ್ಲಾಸ್ಟಿಕ್ ಬೆರೆಸಿ ತೋರಿಸಿತು. ಹೊಸ ಅಂಟಿಗೆ ಮೊದಲ ಅವಕಾಶ ಕೊಡಬಲ್ಲ ಊರು ಕರ್ನಾಟಕದಲ್ಲಿ ಇದೆ ಎಂಬುದಕ್ಕೆ ಇದೇ ಸಾಕ್ಷಿ.

• ಗಿಡದಿಂದ ಬಂದ ಅಂಟು ರಸ್ತೆಯಲ್ಲಿ ಕೊಳೆಯುತ್ತದೆ ಎಂಬ ಭಯ ಬೇಡ. ಲಿಗ್ನಿನ್ ಕೊಳೆಯಲು ಬಹಳ ಕಷ್ಟಪಡುವ ವಸ್ತು. ಮರದ ಬೊಡ್ಡೆ ವರ್ಷಗಟ್ಟಲೆ ನಿಲ್ಲುವುದಕ್ಕೆ ಅದೂ ಒಂದು ಕಾರಣ. ನೋಡಬೇಕಾದದ್ದು ನೀರಿನ ಪರೀಕ್ಷೆ, ಬಿಸಿಯ ಪರೀಕ್ಷೆ, ಭಾರದ ಪರೀಕ್ಷೆ.

• ಹುಲ್ಲು ಹಗುರ, ಆದರೆ ಜಾಗ ಬಹಳ ತಿನ್ನುತ್ತದೆ. ನೂರಾರು ಕಿಲೋಮೀಟರ್ ದೂರಕ್ಕೆ ಲಾರಿಯಲ್ಲಿ ಸಾಗಿಸಿದರೆ ಉಳಿಸಿದ ತೈಲವೆಲ್ಲ ಡೀಸೆಲ್‌ಗೆ ಹೋಗುತ್ತದೆ. ಬೇಲ್ ಕಟ್ಟುವ ಯಂತ್ರ ಊರಲ್ಲಿ, ಹುಲ್ಲು ಬೇಯಿಸುವ ಚಿಕ್ಕ ಘಟಕ ತಾಲ್ಲೂಕಿನಲ್ಲಿ, ಬೆರೆಸುವ ಕೆಲಸ ಡಾಂಬರು ಘಟಕದಲ್ಲಿ ಆದರೆ ಮಾತ್ರ ಲಾಭ.

• ಮೊದಲ ಹಕ್ಕು ದನದ್ದು. ಜೋಳದ ಸೊಪ್ಪೆ, ನೆಲ್ಲಿನ ಹುಲ್ಲು ನಮ್ಮ ಭಾಗದಲ್ಲಿ ಮೇವು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ ಸೀಮೆಗೆ ನೀರು ತಲುಪದ ವರ್ಷ ಬಣವೆಯ ಬೆಲೆ ರೈತನಿಗೆ ಮಾತ್ರ ಗೊತ್ತು. ಬರಗಾಲದಲ್ಲಿ ಒಂದು ಹೊರೆ ಹುಲ್ಲೂ ರಸ್ತೆಗೆ ಹೋಗಬಾರದು.

• ಎರಡನೆಯ ಹಕ್ಕು ಮಣ್ಣಿನದು. ಒಂದಿಷ್ಟು ಕೂಳೆ, ಎಲೆ ಹೊಲದಲ್ಲೇ ಕೊಳೆತರೆ ಮಣ್ಣಿಗೆ ಸಾರ. ಕಟಾವು ಯಂತ್ರ ಬಿಟ್ಟುಹೋದ, ಮೇವಿಗೂ ಗೊಬ್ಬರಕ್ಕೂ ಸಲ್ಲದೆ ಬೆಂಕಿಗೆ ಬೀಳುವ ಪಾಲು ಮಾತ್ರ ರಸ್ತೆಯದು.

• ಮೂರನೆಯದು ರೈತನ ಬೆಲೆ. ಸುಡಬೇಡಿ ಎಂದು ಹೇಳಿದರಷ್ಟೇ ಸಾಲದು; ಹುಲ್ಲು ಕೂಡಿಸುವ ಕೂಲಿಗೂ ಮೀರಿ ಕೈಗೆ ಹಣ ಬಂದರೆ ಬೆಂಕಿ ತಾನಾಗಿ ನಿಲ್ಲುತ್ತದೆ.

• ಈ ಕೆಲಸಕ್ಕೆ ಬೇಕಾದ ಬುದ್ಧಿಬಲ ಜಿಲ್ಲೆಯಲ್ಲೇ ಇದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಲೋಕೋಪಯೋಗಿ ಇಲಾಖೆಯ ಬಳಿ ರಸ್ತೆಯಿದೆ, ಗಿರಣಿಗಳ ಬಳಿ ಬೂದಿಯಿದೆ, ರೈತರ ಬಳಿ ಹುಲ್ಲು ಮತ್ತು ಕಟ್ಟಿಗೆಯಿದೆ.

• ನೆದರ್ಲೆಂಡ್ಸ್ 70 ಮೀಟರಿನಿಂದ, ಮೇಘಾಲಯ 100 ಮೀಟರಿನಿಂದ ಶುರುಮಾಡಿದವು. ರಾಯಚೂರು–ಮಾನ್ವಿ ನಡುವೆ ಅಷ್ಟೇ ಉದ್ದದ ಒಂದು ತುಂಡನ್ನು ಹತ್ತಿ ಕಟ್ಟಿಗೆಯ ಲಿಗ್ನಿನ್, ಹೊಟ್ಟಿನ ಬೂದಿಯ ತಳ ಹಾಕಿ ಕಟ್ಟಲಿ. ಪಕ್ಕದಲ್ಲೇ ಮಾಮೂಲಿ ಡಾಂಬರಿನ ಅಷ್ಟೇ ಉದ್ದದ ತುಂಡಿರಲಿ. ಮೂರು ಬೇಸಿಗೆ, ಮೂರು ಮಳೆಗಾಲ ಎರಡನ್ನೂ ಅಳೆದು, ತಗ್ಗು, ಬಿರುಕು, ಖರ್ಚುಗಳ ಲೆಕ್ಕವನ್ನು ಊರವರ ಮುಂದೆ ಇಡಲಿ. ಗ್ರಾಮಸಭೆಯಲ್ಲಿ ರಸ್ತೆ ಕೇಳುವಾಗ ಈ ತುಂಡನ್ನೂ ಕೇಳಿ. ಕೇಳುವ ಹಕ್ಕು ನಮಗಿದೆ. ಕೇಳಲು ಬೇಕಾದ ಕಾರಣಗಳು ಈಗ ನಿಮ್ಮ ಕೈಯಲ್ಲಿವೆ.